ಇಟ್ಟದ್ದನ್ನು ತೆಗೆಯಲು ಕಾಸು ಕೇಳಿದ ವರ್ಷ

ನನ್ನ ತಂಗಿಯ ಮಗಳು ಹೋದ ತಿಂಗಳು ನವಿ ಮುಂಬಯಿಯ ಮಹಾಪೆಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಕಂಪನಿ ಸರ್ವರುಗಳಿಗೆ ಬೇಕಾದ ಒಂದು ಸಾಫ್ಟ್‌ವೇರ್ ಮಾಡಿ, ಅದನ್ನು ಕೋಡ್ ಸಮೇತ ಇಂಟರ್ನೆಟ್ಟಿನಲ್ಲಿ ಇಟ್ಟುಬಿಡುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಬಳಸಬಹುದು, ಕಾಸು ಕೊಡಬೇಕಾಗಿಲ್ಲ. ಓಪನ್ ಸೋರ್ಸ್ ಎಂದರೆ ಇಷ್ಟೇ. ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಬಂದವಳು ನೀರುದೋಸೆ ತಿನ್ನುತ್ತಾ, "ಮೌಶಿ, ಸಬ್ ಫ್ರೀ ಮೇ ದೇತೇ ಹೈ, ತೋ ಮೇರಾ ಪಗಾರ್ ಕಹಾಂ ಸೇ ಆತಾ ಹೈ?" ಎಂದು ಕೇಳಿದಳು. ಎಲ್ಲವನ್ನೂ ಬಿಟ್ಟಿ ಕೊಡುವವರು ತನಗೆ ಸಂಬಳ ಎಲ್ಲಿಂದ ಕೊಡುತ್ತಾರೆ ಎಂಬುದು ಅವಳ ಆತಂಕ. ಹದಿನಾಲ್ಕು ವರ್ಷ ಇಂಥದೇ ಕಂಪನಿಯಲ್ಲಿ ದುಡಿದವಳು ನಾನು. ಉತ್ತರ ಹೇಳಲು ಹೊರಟರೆ ನನ್ನ ಸ್ವರ ಏರಿತು, ಅವಳ ತಟ್ಟೆಯ ದೋಸೆ ಆರಿತು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳಲಿ.

ನನಗೆ ಸಿಕ್ಕ ಹುದ್ದೆಗಳ ವಿಷಯ ಬಿಟ್ಟುಬಿಡುತ್ತೇನೆ. ಕೊರಳಿನ ಕಾರ್ಡಿನಲ್ಲಿ ಅಕ್ಷರಗಳು ಬದಲಾದವು, ಕೂರುವ ಕುರ್ಚಿ ಬದಲಾಗಲಿಲ್ಲ. ಕಲ್ಯಾಣದ ಒಂದು ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದವಳು ನಲವತ್ತನಾಲ್ಕನೇ ವಯಸ್ಸಿಗೆ ಸ್ವಯಂನಿವೃತ್ತಿ ತೆಗೆದುಕೊಂಡು ರಬಾಳೆಯ ಈ ಕಂಪನಿಗೆ ಬಂದೆ. ಕೆಳಗೆ ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ನಾವು ಹನ್ನೊಂದು ಜನ. ಯಜಮಾನರು ದಿವಾಕರ ಶೆಟ್ಟರು, ಕಾರ್ಕಳದ ಕಡೆಯವರು, ನನಗಿಂತ ಹತ್ತು ವರ್ಷ ಸಣ್ಣವರು. ಅವರ ತಂದೆ ಠಾಣೆ ಊರಿನ ನೌಪಾಡಾದಲ್ಲಿ ಹೋಟೆಲು ನಡೆಸುತ್ತಿದ್ದವರು. ನಾನು ಕುಂದಾಪುರದವಳು, ತುಳು ಬಾರದು. ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲಿ, ಅವರಿಗೆ ನಾನು ಅಕ್ಕ.

ನಮ್ಮ ಸಾಫ್ಟ್‌ವೇರಿನ ಹೆಸರು ಪತ್ತಾಯ. ಊರಿನಲ್ಲಿ ಭತ್ತ ತುಂಬಿಡುವ ಮರದ ಪೆಟ್ಟಿಗೆಗೆ ಹಾಗೆನ್ನುತ್ತಾರೆ. ಕಂಪನಿಗಳ ಸರ್ವರಿನಲ್ಲಿರುವುದನ್ನೆಲ್ಲ ದಿನಾ ಇನ್ನೊಂದು ಕಡೆ ನಕಲು ಮಾಡಿ ಇಡುವುದು, ಸರ್ವರ್ ಕೆಟ್ಟರೆ ಆ ನಕಲಿನಿಂದ ಎಲ್ಲವನ್ನೂ ವಾಪಸು ತರುವುದು, ಇಷ್ಟು ಅದರ ಕೆಲಸ. ನಲ್ಲಿಯಲ್ಲಿ ನೀರು ಬರುವಾಗ ಗೋಡೆಯೊಳಗಿನ ಪೈಪು ಯಾರಿಗೂ ನೆನಪಾಗುವುದಿಲ್ಲವಲ್ಲ, ನಮ್ಮದು ಆ ಜಾತಿಯ ವಸ್ತು. ಕಣ್ಣಿಗೆ ಬೀಳದ್ದಕ್ಕೆ ದುಡ್ಡು ಕೇಳುವುದು ಎಷ್ಟು ಕಷ್ಟ ಎಂದು ಬಹಳ ಬೇಗ ಕಲಿತೆ.

ಮೊದಲು ನಾವು ಮಾರುತ್ತಿದ್ದದ್ದು ಸಪೋರ್ಟ್. ಸಾಫ್ಟ್‌ವೇರ್ ಬಿಟ್ಟಿ, ತೊಂದರೆಯಾದಾಗ ಫೋನ್ ಮಾಡಿದರೆ ಎತ್ತಿ ಸರಿಪಡಿಸಿಕೊಡುವುದಕ್ಕೆ ವರ್ಷಕ್ಕಿಷ್ಟು ಎಂದು ಕಾಂಟ್ರಾಕ್ಟ್. ಫೋನ್ ಎತ್ತುವವಳು ನಾನು. ಐರೋಲಿಯ ಒಂದು ದೊಡ್ಡ ಹಣಕಾಸು ಕಂಪನಿ ನಮ್ಮ ಮುಖ್ಯ ಗಿರಾಕಿ. ಅಲ್ಲಿನ ಖರೀದಿ ವಿಭಾಗದ ಮುಖ್ಯಸ್ಥರು ಕುಲಕರ್ಣಿ ಎಂಬ ಧಾರವಾಡ ಕಡೆಯವರು. ಮೂರನೇ ವರ್ಷ ಕಾಂಟ್ರಾಕ್ಟ್ ಮುಂದುವರಿಸಲು ಹೋದಾಗ ಅವರು ಚಹಾ ತರಿಸಿ, ನಗುನಗುತ್ತಾ ಹೇಳಿದರು:

"ಮೇಡಂ, ವರ್ಷದಾಗ ನಮ್ಮವ್ರು ನಿಮಗ ಎರಡ ಸಲ ಫೋನ್ ಮಾಡ್ಯಾರ. ಎರಡ ಫೋನಿಗೆ ಇಷ್ಟು ರೊಕ್ಕ ಅಂದ್ರ ನಾ ಮ್ಯಾಲಿನವ್ರಿಗೆ ಏನ್ ಹೇಳ್ಲಿ?"

"ಸರ್, ಎರಡೇ ಸಲ ತೊಂದರೆ ಆದದ್ದು ನಮ್ಮ ಕೆಲಸ ಚೆಂದ ಇದ್ದದ್ದಕ್ಕಲ್ಲವಾ?" ಎಂದೆ.

"ಅದ ಮತ್ತ. ಚೆಂದ ಅದ. ಅಂದ ಮ್ಯಾಲ ಸಪೋರ್ಟ್ ಯಾಕ ಬೇಕು?"

ಕೆಟ್ಟ ಸಾಫ್ಟ್‌ವೇರ್ ಮಾಡಿದ್ದರೆ ಇವರು ದಿನಾ ಫೋನ್ ಮಾಡಿ, ದುಡ್ಡೂ ಕೊಟ್ಟು, ನಮಸ್ಕಾರವನ್ನೂ ಮಾಡುತ್ತಿದ್ದರು. ಕಾಂಟ್ರಾಕ್ಟ್ ಆ ವರ್ಷ ಅರ್ಧಕ್ಕಿಳಿಯಿತು, ಮರುವರ್ಷ ನಿಂತೇ ಹೋಯಿತು. ಅವರ ಆರುನೂರು ಸರ್ವರುಗಳಲ್ಲಿ ಪತ್ತಾಯ ಮಾತ್ರ ಓಡುತ್ತಲೇ ಇತ್ತು.

ಇಲ್ಲಿ ನನ್ನದೊಂದು ಪೆದ್ದುತನವನ್ನೂ ಹೇಳಬೇಕು. ದುಡ್ಡು ಕೊಡದೆ ಬಳಸುವವರಿಗಾಗಿ ನಮ್ಮದೊಂದು ಫೋರಮ್ ಇತ್ತು, ಎಲ್ಲರೂ ನೋಡುವಂತೆ ಪ್ರಶ್ನೆ ಕೇಳುವ, ಉತ್ತರ ಬರೆಯುವ ಜಾಗ. ಬ್ಯಾಂಕಿನಲ್ಲಿ ಕಲಿತ ಅಭ್ಯಾಸ, ಉತ್ತರ ಬರೆದರೆ ಪೂರ್ತಿ ಬರೆಯಬೇಕು ನನಗೆ. ಕಲ್ಯಾಣದ ಇಂಜಿನಿಯರಿಂಗ್ ವಿದ್ಯಾರ್ಥಿ ಎಂದು ಒಬ್ಬ ಪರಿಚಯ ಹೇಳಿಕೊಂಡು, ಕಾಲೇಜಿನ ನಾಲ್ಕು ಕಂಪ್ಯೂಟರಿನ ಪ್ರಾಜೆಕ್ಟಿಗೆ ಎಂದು ವಾರವಾರವೂ ಕೇಳುತ್ತಿದ್ದ. ಬಡವರ ಮನೆಯ ಹುಡುಗ ಇರಬೇಕೆಂದು ನಾನೇ ಕಲ್ಪಿಸಿಕೊಂಡು, ಹಂತಹಂತವಾಗಿ ಎಂಟು ತಿಂಗಳು ಪಾಠ ಹೇಳಿದೆ. ಒಂದು ದಿನ ಅವನು ದೋಷದ ದಾಖಲೆಯ ಕಡತವನ್ನು ಗುರುತು ಅಳಿಸದೆ ಹಾಗೇ ಹಾಕಿಬಿಟ್ಟ. ತೆರೆದರೆ ಪ್ರತಿ ಸಾಲಿನಲ್ಲೂ ಐರೋಲಿಯ ಆ ಕಂಪನಿಯ ಹೆಸರು! ವಿದ್ಯಾರ್ಥಿಯೂ ಇಲ್ಲ, ಕಾಲೇಜೂ ಇಲ್ಲ. ನಿಂತುಹೋದ ಕಾಂಟ್ರಾಕ್ಟಿನ ಕೆಲಸವನ್ನು ನನ್ನ ಕೈಯಿಂದ ಪುಕ್ಕಟೆ ಮಾಡಿಸಿಕೊಂಡಿದ್ದರು. ಆ ಸಂಜೆ ಠಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ನಾನು ಒಬ್ಬಳೇ ಬೈದುಕೊಳ್ಳುತ್ತಿದ್ದದ್ದನ್ನು ನೋಡಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಎಲ್ಲರೂ ಹಾಗಿರಲಿಲ್ಲ. ಅದೇ ಫೋರಮಿನಲ್ಲಿ ಭಿವಂಡಿಯ ಇರ್ಫಾನ್ ಇದ್ದ. ನೂಲಿನ ಗೋದಾಮೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ, ಮೂವತ್ತೈದು ದಾಟಿದ ಸಂಸಾರಸ್ಥ. ಅಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ಅವನೊಬ್ಬನೇ. ಬಿಟ್ಟಿ ಆವೃತ್ತಿ ಬಳಸುತ್ತಿದ್ದ, ಬಚ್ಚಿಡುತ್ತಿರಲಿಲ್ಲ. ಹೊಸಬರು ಹಿಂದಿಯಲ್ಲಿ ಕೇಳಿದರೆ ತಾನೇ ಕೂತು ಉತ್ತರ ಬರೆಯುತ್ತಿದ್ದ. ನಾವು ಯಾರೂ ಕಾಣದಿದ್ದ ಒಂದು ದೊಡ್ಡ ದೋಷವನ್ನು ಹುಡುಕಿ ಕೊಟ್ಟವನೂ ಅವನೇ. ಒಮ್ಮೆ ಅವನು ಕೇಳಿದ್ದ, "ಮೇಡಂ, ಸೇಠ್ ಪೂಛ್ ರಹೇ ಹೈ, ಬಾದ್ ಮೇ ಪೈಸಾ ತೋ ನಹೀ ಮಾಂಗೋಗೇ?" ಮುಂದೆ ಯಾವಾಗಲಾದರೂ ದುಡ್ಡು ಕೇಳುತ್ತೀರಾ ಎಂದು ಅವನ ಮಾಲೀಕನ ಅನುಮಾನ. ನಾನು ಫೋರಮಿನಲ್ಲಿ, ಎಲ್ಲರಿಗೂ ಕಾಣುವಂತೆ, ನನ್ನ ಹೆಸರು ಹಾಕಿ ಬರೆದೆ: ನೀವು ಪತ್ತಾಯದಲ್ಲಿ ಇಟ್ಟದ್ದನ್ನು ತೆಗೆದುಕೊಳ್ಳಲು ನಾವು ಯಾವತ್ತೂ ಕಾಸು ಕೇಳುವುದಿಲ್ಲ. ಇರ್ಫಾನ್ ಆ ಮಾತನ್ನು ಮಾಲೀಕನಿಗೆ ತೋರಿಸಿ ಒಪ್ಪಿಗೆ ಪಡೆದ.

ಸಪೋರ್ಟ್ ನಂಬಿ ಬದುಕಲಾಗುವುದಿಲ್ಲ ಎಂದು ಗೊತ್ತಾದ ಮೇಲೆ ಶೆಟ್ಟರು ಎರಡನೇ ದಾರಿ ಹಿಡಿದರು. ಮುಖ್ಯ ಸಾಫ್ಟ್‌ವೇರ್ ಬಿಟ್ಟಿ, ಅದರ ಮೇಲಿನ ಕೆಲವು ಸೌಕರ್ಯಗಳಿಗೆ ದುಡ್ಡು. ಯಾವುದಕ್ಕೆ ದುಡ್ಡು ಎಂಬ ಚರ್ಚೆ ಮೂರು ದಿನ ನಡೆಯಿತು.

"ನನ್ನ ಅಪ್ಪ ಸಾಂಬಾರು ಎಷ್ಟು ಸಲ ಕೇಳಿದರೂ ಹಾಕುತ್ತಿದ್ದರು ಅಕ್ಕ. ದುಡ್ಡು ಇಡ್ಲಿಗೆ ಮಾತ್ರ," ಎಂದರು ಶೆಟ್ಟರು.

"ಹೌದು ಶೆಟ್ರೆ. ಆದರೆ ನಮ್ಮಲ್ಲಿ ಸಾಂಬಾರು ಯಾವುದು, ಇಡ್ಲಿ ಯಾವುದು, ಅದನ್ನು ಮೊದಲು ಹೇಳಿ."

ಕೊನೆಗೆ ಒಂದು ನಿಯಮ ಮಾಡಿಕೊಂಡೆವು. ದೊಡ್ಡ ಕಂಪನಿಗೆ ಮಾತ್ರ ಬೇಕಾಗುವುದಕ್ಕೆ ದುಡ್ಡು: ನೂರಾರು ಸರ್ವರುಗಳ ವರದಿ ಒಂದೇ ಕಡೆ ನೋಡುವುದು, ಆಡಿಟರಿಗೆ ತೋರಿಸುವ ದಾಖಲೆ, ಇಂಥವು. ಇರ್ಫಾನನಂಥವರಿಗೆ ಇದಾವುದೂ ಬೇಡ. ಈಗಲೂ ನನ್ನನ್ನು ಕೇಳಿದರೆ, ಈ ಧಂದೆಯಲ್ಲಿ ಮರ್ಯಾದೆಯಿಂದ ಉಣ್ಣುವ ದಾರಿ ಇದು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಹನ್ನೊಂದು ಜನ ಇದ್ದವರು ಮೂವತ್ತಾದೆವು, ದೀಪಾವಳಿಗೆ ಬೋನಸ್ಸೂ ಬಂತು.

ಆಮೇಲೆ ಸರ್ವರುಗಳನ್ನು ಬಾಡಿಗೆಗೆ ಕೊಡುವ ಒಂದು ಭಾರೀ ವಿದೇಶಿ ಕಂಪನಿ ಪತ್ತಾಯವನ್ನು ಇಳಿಸಿಕೊಂಡು, ತನ್ನ ಹೆಸರು ಅಂಟಿಸಿ, ತಿಂಗಳ ಬಾಡಿಗೆಗೆ ಮಾರತೊಡಗಿತು. ಗುಂಡಿ ಒತ್ತಿದರೆ ಸಾಕು, ಎಲ್ಲ ಸಿದ್ಧ. ನಮ್ಮ ಗಿರಾಕಿಗಳು ಅತ್ತ ನಡೆದರು. ಕಾನೂನಿನಲ್ಲಿ ತಪ್ಪೇನೂ ಇಲ್ಲ, ಯಾರು ಬೇಕಾದರೂ ಬಳಸಿ ಎಂದು ಬರೆದಿಟ್ಟವರು ನಾವೇ. ನಮಗೊಂದು ಪೈಸೆ ಬರಲಿಲ್ಲ, ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಒಂದು ಬೆಳಿಗ್ಗೆ ಅವರ ಇಂಜಿನಿಯರ್ ನಮಗೇ ಪತ್ರ ಹಾಕಿದ. ನಿಮ್ಮ ಸಾಫ್ಟ್‌ವೇರಿನಲ್ಲಿ ಒಂದು ದೋಷವಿದೆ, ನಮ್ಮ ಗಿರಾಕಿಗಳಿಗೆ ತೊಂದರೆಯಾಗುತ್ತಿದೆ, ಯಾವ ತಾರೀಕಿನೊಳಗೆ ಸರಿಪಡಿಸುತ್ತೀರಿ, ತಿಳಿಸಿ. ಎಂಥ ಧೈರ್ಯ! ನಮ್ಮ ಹೊಲದ ಬೆಳೆ ಕೊಯ್ದು ಮಾರಿದ್ದಲ್ಲದೆ, ಕಳೆ ಯಾವಾಗ ಕೀಳುತ್ತೀರಿ ಎಂದು ನಮ್ಮನ್ನೇ ಕೇಳುತ್ತಾರೆ. ಅದನ್ನೂ ಸರಿಪಡಿಸಿ ಕೊಟ್ಟೆವು. ನಮ್ಮವರೂ ಅದನ್ನೇ ಬಳಸುತ್ತಿದ್ದರಲ್ಲ, ಬೇರೆ ದಾರಿ ಇರಲಿಲ್ಲ.

ಕಂಪನಿಗೆ ಬಂಡವಾಳ ಹಾಕಿದವರು ಶೆಟ್ಟರ ಕುತ್ತಿಗೆಗೆ ಕೂತರು. ಆಗ ಬಂದ ತೀರ್ಮಾನ ಇದು: ಹೊಸ ಆವೃತ್ತಿಯಲ್ಲಿ ನಕಲು ಮಾಡಿ ಇಡುವುದು ಬಿಟ್ಟಿ, ಒಂದೊಂದೇ ಕಡತವನ್ನು ವಾಪಸು ತೆಗೆಯುವುದೂ ಬಿಟ್ಟಿ. ಆದರೆ ಕೆಟ್ಟುಹೋದ ಇಡೀ ಸರ್ವರನ್ನು ಒಂದೇ ಸಲಕ್ಕೆ ಎಬ್ಬಿಸುವ ಸಲಕರಣೆಗೆ ದುಡ್ಡು. ಒಂದು ಸರ್ವರಿನಲ್ಲಿ ಲಕ್ಷಗಟ್ಟಲೆ ಕಡತಗಳಿರುತ್ತವೆ. ಒಂದೊಂದೇ ತೆಗೆಯುವುದೆಂದರೆ ಆಗದ ಕೆಲಸ ಎಂದೇ ಅರ್ಥ.

"ಇದು ಸಮ ಅಲ್ಲ ಶೆಟ್ರೆ," ಎಂದೆ. "ಇಡುವುದಕ್ಕೆ ದುಡ್ಡು ಕೇಳಿ ಬೇಕಾದರೆ. ತೆಗೆಯುವುದಕ್ಕೆ ಕೇಳಬೇಡಿ. ನಾನು ಮಾತು ಕೊಟ್ಟದ್ದುಂಟು."

"ಇಡುವಾಗ ಯಾರೂ ಕೊಡುವುದಿಲ್ಲ ಅಕ್ಕ. ತೆಗೆಯುವಾಗ ಬೇರೆ ಗತಿ ಇಲ್ಲ, ಕೊಡುತ್ತಾರೆ." ಅವರು ನನ್ನ ಮುಖ ನೋಡಲಿಲ್ಲ. "ಮೂವತ್ತು ಜನರ ಸಂಬಳ ಎಲ್ಲಿಂದ ತರುವುದು, ನೀವೇ ಹೇಳಿ."

ಅಲ್ಲಿಗೂ ನಿಲ್ಲಲಿಲ್ಲ. ಫೋರಮಿನವರಿಗೆ ನನ್ನ ಮೇಲೆ ನಂಬಿಕೆ ಇದೆಯೆಂದು ಈ ತೀರ್ಮಾನದ ಪ್ರಕಟಣೆಯನ್ನು ನನ್ನ ಹೆಸರಿನಲ್ಲೇ ಹಾಕಿಸಿದರು, ನಾನೂ ಹಾಕಿದೆ. ಶೆಟ್ಟರನ್ನೂ ವಿದೇಶಿ ಕಂಪನಿಯನ್ನೂ ಬೈಯುವಾಗ ಇದನ್ನು ಬಚ್ಚಿಟ್ಟರೆ ಅನ್ಯಾಯವಾಗುತ್ತದೆ. ನಾನು ಅಂದು ಆಗುವುದಿಲ್ಲ ಎಂದಿದ್ದರೆ ನನ್ನನ್ನು ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ.

ಜುಲೈಯ ಮಳೆಗೆ ಭಿವಂಡಿಯ ಗೋದಾಮುಗಳಿಗೆ ನೀರು ನುಗ್ಗಿತು. ಮರುದಿನ ಬೆಳಿಗ್ಗೆ ನಾನು ಆಫೀಸು ಮೆಟ್ಟಿಲು ಹತ್ತುತ್ತಿದ್ದಂತೆ ಇರ್ಫಾನನ ಫೋನ್. ಸರ್ವರ್ ನೀರಿನಲ್ಲಿ ಮುಳುಗಿ ಸತ್ತಿತ್ತು. ನಕಲಿನ ಡಿಸ್ಕ್ ಮೊದಲ ಮಹಡಿಯಲ್ಲಿತ್ತು, ಅದಕ್ಕೇನೂ ಆಗಿರಲಿಲ್ಲ. ಅವನೂ ಹೊಸ ಆವೃತ್ತಿಗೆ ಬಂದಿದ್ದ. ಹೊಸ ಯಂತ್ರ ತಂದಿಟ್ಟುಕೊಂಡು ಕೂತರೆ ಸಲಕರಣೆ ಕೀ, ಅಂದರೆ ಅದನ್ನು ತೆರೆಯುವ ಗುಪ್ತಪದ, ಕೇಳುತ್ತಿದೆ, ಕೀ ಬೇಕಾದರೆ ದುಡ್ಡು ಕಟ್ಟು ಎನ್ನುತ್ತಿದೆ. ಯಾವ ನೂಲು ಗೋದಾಮಿನ ಯಾವ ಸಾಲಿನಲ್ಲಿದೆ ಎಂಬುದೆಲ್ಲ ಅದರೊಳಗೇ ಇತ್ತು. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

ನಾನು ಏನು ಹೇಳಿದೆ ಗೊತ್ತೇ? "ಕೋಟೇಶನ್ ಕಳಿಸುತ್ತೇನೆ" ಎಂದೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಮೇಡಂ, ಆಪ್ ಹೀ ನೇ ಲಿಖಾ ಥಾ ನಾ? ಸೇಠ್ ಕೇ ಪಾಸ್ ಪ್ರಿಂಟ್ ಹೈ," ಎಂದ. ನೀವೇ ಬರೆದಿದ್ದಿರಲ್ಲ, ಅದರ ಪ್ರಿಂಟು ಮಾಲೀಕರ ಹತ್ತಿರ ಇದೆ ಎಂದು. ಸಂಜೆಯೊಳಗೆ ಆಗದಿದ್ದರೆ ನಾಳೆಯಿಂದ ಬರಬೇಡ ಎಂದು ಮಾಲೀಕ ಹೇಳಿಯಾಗಿತ್ತು. ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶೆಟ್ಟರ ಹತ್ತಿರ ಹೋಗಿ ಒಂದು ಕೀ ಕೊಡಿ ಎಂದೆ. "ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕು ಅಕ್ಕ. ಬಂಡವಾಳದವರು ದಿನಾ ಪಟ್ಟಿ ನೋಡುತ್ತಾರೆ," ಎಂದರು. ನಾನು ರಜೆ ಬರೆದು ಮೇಜಿನ ಮೇಲಿಟ್ಟು ಹೊರಟೆ. ಕಲ್ಯಾಣದವರೆಗೆ ರೈಲು, ಅಲ್ಲಿಂದ ಶೇರ್ ರಿಕ್ಷಾ. ಗೋದಾಮಿನ ಆಫೀಸಿನಲ್ಲಿ ಇನ್ನೂ ಕೆಸರಿತ್ತು, ಸೀರೆ ಎತ್ತಿ ಕಟ್ಟಿ ಒಳಗೆ ನಡೆದೆ. ಇರ್ಫಾನ್ ಪ್ಲಾಸ್ಟಿಕ್ ಸ್ಟೂಲು ಒರೆಸಿ ಕೊಟ್ಟ. ಅವನ ಮಾಲೀಕ ಬಾಗಿಲಲ್ಲಿ ನಿಂತು ನನ್ನನ್ನು ಒಮ್ಮೆ ನೋಡಿ ಲಾರಿಯವರ ಹತ್ತಿರ ಹೋದ.

ಕೀ ನನ್ನ ಹತ್ತಿರ ಇರಲಿಲ್ಲ, ಇದ್ದಿದ್ದರೂ ಕದ್ದು ಕೊಡುವವಳಲ್ಲ. ಆದರೆ ಒಂದೊಂದೇ ಕಡತ ತೆಗೆಯುವ ಸಲಕರಣೆ ಬಿಟ್ಟಿಯಾಗಿಯೇ ಇತ್ತಲ್ಲ. ಕಡತಗಳ ಪಟ್ಟಿ ತೆಗೆದು, ಅದೇ ಸಲಕರಣೆಯನ್ನು ಪ್ರತಿಯೊಂದಕ್ಕೂ ತಾನಾಗಿ ಓಡಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆದೆವು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿದರೆ ಸರ್ವರ್ ಏಳುವುದಿಲ್ಲ. ಆ ಕ್ರಮ ನನಗೆ ಬಾಯಿಪಾಠ. ಎರಡು ಸಲ ತಪ್ಪಿತು. ಸಂಜೆ ಐದರ ಹೊತ್ತಿಗೆ ನೂಲಿನ ಪಟ್ಟಿ ತೆರೆಯ ಮೇಲೆ ಬಂತು. ಇರ್ಫಾನ್ ಎದ್ದು ಮೊದಲ ಲಾರಿಯ ನಂಬರು ಕೂಗಿದ.

ಆ ಪ್ರೋಗ್ರಾಮನ್ನು ಮರುದಿನ ಫೋರಮಿನಲ್ಲಿ ಹಾಕಿದೆ. ನನ್ನ ಹೆಸರಿನಲ್ಲೇ ಹಾಕಿದೆ, ಕೊಟ್ಟ ಮಾತನ್ನು ತಡವಾಗಿಯಾದರೂ ನಡೆಸಿದೆನೆಂಬ ಹೆಮ್ಮೆಯೂ ಇತ್ತು. ಶೆಟ್ಟರು ನೋಡಿದರು, ತೆಗೆಯಿರಿ ಎಂದು ಹೇಳಲಿಲ್ಲ.

ಅದಾಗಿ ಹತ್ತು ದಿನಕ್ಕೆ ಐರೋಲಿಯಿಂದ ಮಿಂಚಂಚೆ ಬಂತು. ಕುಲಕರ್ಣಿಯವರ ಕಂಪನಿ ಆರುನೂರು ಸರ್ವರುಗಳಿಗೂ ಇಡೀ ಸರ್ವರ್ ಎಬ್ಬಿಸುವ ನಮ್ಮ ಸಲಕರಣೆ ಕೊಳ್ಳುವುದೆಂದು ಮಾತುಕತೆ ಮುಗಿದು, ಆರ್ಡರು ಬರುವುದೊಂದೇ ಬಾಕಿ ಇತ್ತು. ಅದು ರದ್ದು. ನಾನು ಸೀದಾ ಅಲ್ಲಿಗೇ ಹೋದೆ.

"ಮೇಡಂ, ನೀವ ಫೋರಮಿನ್ಯಾಗ ಹಾಕೀರಿ. ನಮ್ಮ ಹುಡುಗ್ರು ತೊಗೊಂಡ್ರು. ಭಾಳ ಚಲೋ ನಡೀತದ."

"ಅದು ದುಡ್ಡಿಲ್ಲದವರಿಗೆ ಹಾಕಿದ್ದು ಸರ್. ನಿಮಗಲ್ಲ."

"ಹಂಗಂತ ಬರದಿಲ್ಲಲಾ," ಎಂದು ಅವರು ಕೈ ಅಗಲಿಸಿದರು. "ನೋಡ್ರಿ, ನಿಮ್ಮ ಮ್ಯಾಲ ನನಗ ಗೌರವ ಅದ. ಆದ್ರ ಪುಕ್ಕಟ ಸಿಗೂದಕ್ಕ ಆರ್ಡರ್ ಹಾಕಿದ್ರ ನನ್ನ ನೌಕರಿ ಹೋಗ್ತದ."

ಅವರ ಮೇಜಿನ ಮೇಲೆ ಅತಿಥಿಗಳಿಗೆಂದು ಇಟ್ಟ ನೀರಿನ ಬಾಟಲಿ ಇತ್ತು, ಅದಕ್ಕೂ ಅವರು ಎಲ್ಲೋ ದುಡ್ಡು ಕೊಟ್ಟಿರುತ್ತಾರೆ. ತಮ್ಮ ಇಡೀ ವ್ಯವಹಾರ ಯಾವುದರ ಮೇಲೆ ನಿಂತಿದೆಯೋ ಅದಕ್ಕೆ ಕೊಡಲು ಮಾತ್ರ ಇವರ ಕಾಗದಪತ್ರಗಳಲ್ಲಿ ಜಾಗವಿಲ್ಲ. ನಾನು ನೀರು ಮುಟ್ಟದೆ ಎದ್ದು ಬಂದೆ. ಇರ್ಫಾನನ ಕೆಲಸ ಉಳಿಸಲು ನಾನು ತೆರೆದ ಬಾಗಿಲಿನಲ್ಲಿ ಮೊದಲು ನುಗ್ಗಿದವರು ಇವರು.

ಶೆಟ್ಟರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮುಂದಿನ ಆವೃತ್ತಿಯಲ್ಲಿ ಆ ಸಲಕರಣೆಯನ್ನು ಮತ್ತೆ ಬಿಟ್ಟಿ ಮಾಡಿದರು. ಆಮೇಲೆ ಒಂದು ಮಧ್ಯಾಹ್ನ ಕರೆದು ಕೂರಿಸಿ ಹೇಳಿದರು, "ಅಕ್ಕ, ಸಪೋರ್ಟಿನಿಂದ ಇಬ್ಬರನ್ನು ಕಡಿಮೆ ಮಾಡಬೇಕು. ಯಾರನ್ನು ಅಂತ ನೀವೇ ಹೇಳಿ." ಇಬ್ಬರ ಸಂಬಳ ಸೇರಿದರೆ ನನ್ನೊಬ್ಬಳ ಸಂಬಳದಷ್ಟಾಗುತ್ತಿತ್ತು. ನನಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ನನ್ನ ಹೆಸರನ್ನೇ ಬರೆದು ಕೊಟ್ಟೆ. ತ್ಯಾಗ ಗೀಗ ಎಂದು ಯಾರೂ ತಿಳಿಯಬೇಡಿ, ಸಿಟ್ಟಿನಿಂದ ಬರೆದು ಕೊಟ್ಟದ್ದು. ಕುಲಕರ್ಣಿಯವರ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು, ಸೇರಿಸಿ.

ಕೊನೆಯ ದಿನ ಊಟದ ಹೊತ್ತಿಗೆ ಇರ್ಫಾನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಬಾಳೆಗೆ ಬಂದ. ಕೈಯಲ್ಲಿ ಗೋದಾಮಿನ ಮೊಹರು ಹಾಕಿದ ಒಂದು ಕಾಗದ, ಒಂದು ವರ್ಷದ ಸಪೋರ್ಟ್ ಕಾಂಟ್ರಾಕ್ಟಿನ ಆರ್ಡರು. ಒಂದೇ ಸರ್ವರ್ ಇರುವ ಗೋದಾಮು, ಯಾರೂ ಕೇಳಿರಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. "ಸೇಠ್ ಖುದ್ ಬೋಲೇ, ಮೇಡಂ ಕೀಚಡ್ ಮೇ ಬೈಠೀ ಥೀ," ಎಂದ. ಕೆಸರಿನಲ್ಲಿ ಬಂದು ಕೂತಿದ್ದಳಲ್ಲ ಎಂದು ಮಾಲೀಕನೇ ಹೇಳಿದನಂತೆ. ಇರ್ಫಾನನಿಗೆ ನಾನು ಬಿಡುತ್ತಿರುವುದು ಗೊತ್ತಿರಲಿಲ್ಲ. ಹೇಳದೆಯೇ ಕಾಗದ ತೆಗೆದುಕೊಂಡೆ.

ಅವನು ಹೋದ ಮೇಲೆ ಕಾಗದ ಶೆಟ್ಟರಿಗೆ ಕೊಟ್ಟೆ. ಆ ತಿಂಗಳು ಬಂದ ಹೊಸ ಕಾಂಟ್ರಾಕ್ಟ್ ಅದೊಂದೇ. ಕೊನೆಯಲ್ಲಿ ಮಾಲೀಕ ಪೆನ್ನಿನಲ್ಲಿ ಒಂದು ಷರತ್ತು ಸೇರಿಸಿದ್ದ: ಫೋನ್ ಈ ಮೇಡಂ ಅವರೇ ಎತ್ತಬೇಕು. ಶೆಟ್ಟರು ಓದಿ, ಕಾಗದ ಹಿಡಿದುಕೊಂಡೇ ನನ್ನನ್ನು ನೋಡಿದರು.

"ಇದಕ್ಕೆ ಎಂತ ಮಾಡುವುದು ಅಕ್ಕ?"

"ಸಹಿ ಹಾಕಿ ಶೆಟ್ರೆ," ಎಂದೆ. "ನನ್ನ ಮನೆಯ ನಂಬರು ಬರೆಯಿರಿ."

ಮೂರು ವರ್ಷವಾಯಿತು. ಗೋದಾಮಿನ ದುಡ್ಡು ಪ್ರತಿ ವರ್ಷ ತಪ್ಪದೆ ಕಂಪನಿಗೆ ಹೋಗುತ್ತಿದೆ, ಹೋಗಬೇಕಾದದ್ದೇ. ಇರ್ಫಾನ್ ಫೋನ್ ಮಾಡಿದಾಗ ಡೊಂಬಿವಲಿಯಲ್ಲಿ ಒಲೆ ಆರಿಸಿ ಬಂದು ನಾನು ಎತ್ತುತ್ತೇನೆ. ಅದಕ್ಕೆ ನನಗೆ ಯಾರೂ ಏನೂ ಕೊಡುವುದಿಲ್ಲ, ನಾನೂ ಕೇಳಿಲ್ಲ.